ಸೋತ ಪ್ರತಿಪಕ್ಷ ನಾಯಕನ ಚೇತರಿಕೆ

ಚುನಾವಣೆಯಲ್ಲಿ ಸೋತ ಪ್ರತಿಪಕ್ಷ ನಾಯಕ ಚೇತರಿಸಿಕೊಳ್ಳಬಲ್ಲನೇ ಎಂದು ಕೇಳುವ ಮೊದಲು ಚೇತರಿಕೆ ಎಂದರೇನೆಂದು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಕಳೆದುಕೊಂಡ ಸ್ಥಾನವನ್ನು ಮುಂದಿನ ಚುನಾವಣೆಯಲ್ಲಿ ಮರಳಿ ಪಡೆಯುವುದು ಒಂದು ಬಗೆ. ತಾನು ಗೆಲ್ಲದಿದ್ದರೂ ತನ್ನ ಪಕ್ಷ ಮೇಲೇಳುವುದು ಇನ್ನೊಂದು. ನಾಯಕನೂ ಪಕ್ಷವೂ ಹಿಂದೆ ಬಿದ್ದು, ಅವರು ಹೊತ್ತು ತಿರುಗಿದ ಬೇಡಿಕೆ ಮಾತ್ರ ಗೆದ್ದುಬಿಡುವುದೂ ಉಂಟು. ಈ ಮೂರೂ ಲೆಕ್ಕಕ್ಕೆ ಸಿಗುವಂಥವು. ಲೆಕ್ಕಕ್ಕೆ ಸಿಗದ ನಾಲ್ಕನೆಯದೊಂದಿದೆ: ಯಾವ ಕೆಲಸಕ್ಕಾಗಿ ಕಣಕ್ಕೆ ಇಳಿದಿದ್ದನೋ ಆ ಕೆಲಸಕ್ಕೆ, ಫಲಿತಾಂಶ ಬಂದ ಮರುದಿನವೂ, ಮತ್ತೆ ಕೈ ಹಚ್ಚಲು ಸೋತವನಿಗೆ ಕಾರಣ ಉಳಿದಿರುತ್ತದೆಯೇ? ಇದು ರಾಜಕೀಯ ಶಾಸ್ತ್ರದ ಗಡಿ ದಾಟಿ ಧರ್ಮಜಿಜ್ಞಾಸೆಗೆ ಸೇರುವ ಪ್ರಶ್ನೆ. ಸ್ವತಂತ್ರ ಭಾರತದ ಮೊದಲ ಮೂರು ದಶಕಗಳಲ್ಲಿ ಈ ಪ್ರಶ್ನೆಯನ್ನು ಬದುಕಿ ನೋಡಿದವರು ಪುಣೆಯಲ್ಲೂ ಅದರ ಸುತ್ತಲೂ ಹಲವರಿದ್ದರು.

ಆಳುವ ಪಕ್ಷದವನ ಸೋಲೂ ಪ್ರತಿಪಕ್ಷದವನ ಸೋಲೂ ಒಂದೇ ತೂಕದವಲ್ಲ. ನೆಹರೂ ಅವರ ಮೊದಲ ಮಂತ್ರಿಮಂಡಲದಲ್ಲಿದ್ದ ಕಾಕಾಸಾಹೇಬ ಗಾಡಗೀಳರು 1957ರಲ್ಲಿ ಪುಣೆ ಲೋಕಸಭಾ ಕ್ಷೇತ್ರದಲ್ಲಿ ಸಮಾಜವಾದಿ ಎನ್. ಜಿ. ಗೋರೆಯವರಿಗೆ ಸೋತರು. ಮರುವರ್ಷವೇ ಅವರು ಪಂಜಾಬಿನ ರಾಜ್ಯಪಾಲರಾದರು, ಮುಂದೆ ಪುಣೆ ವಿಶ್ವವಿದ್ಯಾಲಯದ ಕುಲಪತಿಯಾದರು. ಗಾಡಗೀಳರು ಯೋಗ್ಯರು, ಆ ಹುದ್ದೆಗಳಿಗೆ ತಕ್ಕವರೇ. ಆದರೆ ಸೋತ ಪ್ರತಿಪಕ್ಷ ನಾಯಕನಿಗೆ ಹೀಗೆ ಕಾಲೂರಲು ಜಾಗ ಕೊಡುವವರು ಯಾರೂ ಇರುವುದಿಲ್ಲ. ರಾಜಭವನವಿಲ್ಲ, ನಿಗಮ ಮಂಡಳಿಗಳಿಲ್ಲ, ವರ್ಗಾವಣೆ ಮಾಡಿಸಿಕೊಡುವ ಶಕ್ತಿಯಿಲ್ಲ. ಅವನ ಕೈಯಲ್ಲಿರುವ ಏಕೈಕ ಬಂಡವಾಳ ಜನರ ನಂಬಿಕೆ. ಚುನಾವಣೆ ಕೇಳುವುದೂ ಆ ನಂಬಿಕೆಯನ್ನೇ. ಹಾಗಾಗಿ ಆಳುವವನಿಗೆ ಸೋಲು ಅಧಿಕಾರದ ನಷ್ಟವಾದರೆ, ಪ್ರತಿಪಕ್ಷದವನಿಗೆ ಅದು ತಾನು ಯಾರು ಎಂಬುದರ ಮೇಲೆಯೇ ಬಿದ್ದ ಪೆಟ್ಟು.

ಸೋಲನ್ನು ಹೇಗೆ ತೆಗೆದುಕೊಳ್ಳಬೇಕೆಂದು ಕೇಳಿದರೆ ಭಾರತದಲ್ಲಿ ಮೊದಲು ಬರುವ ಉತ್ತರ ಗೀತೆಯದು. ಜಯ ಅಪಜಯಗಳನ್ನೂ ಲಾಭ ನಷ್ಟಗಳನ್ನೂ ಸಮನಾಗಿ ಕಂಡು ಕರ್ತವ್ಯಕ್ಕೆ ನಿಲ್ಲು ಎಂಬುದು ಎರಡನೆಯ ಅಧ್ಯಾಯದ ಬೋಧೆ. ಆಧುನಿಕ ರಾಜಕಾರಣಕ್ಕೆ ಈ ಬೋಧೆಯನ್ನು ಅಳವಡಿಸಿಕೊಟ್ಟದ್ದು ಪುಣೆಯೇ. 1907ರಲ್ಲಿ ಸೂರತ್ ಕಾಂಗ್ರೆಸ್ ಒಡೆದು ತಿಲಕರ ಬಣ ಹೊರಗುಳಿಯಿತು. ಮರುವರ್ಷ ಅವರಿಗೆ ಆರು ವರ್ಷಗಳ ಶಿಕ್ಷೆಯಾಗಿ ಬರ್ಮಾದ ಮಂಡಾಲೆ ಸೆರೆಮನೆ ಸೇರಿದರು. ರಾಜಕೀಯವಾಗಿ ಮುಗಿದೇ ಹೋದರೆಂದು ಎಣಿಸಬಹುದಾಗಿದ್ದ ಆ ಹೊತ್ತಿನಲ್ಲಿ, 1910–11ರ ಚಳಿಗಾಲದ ಕೆಲವೇ ತಿಂಗಳುಗಳಲ್ಲಿ, ಪೆನ್ಸಿಲ್ ಹಿಡಿದು ಅವರು ‘ಗೀತಾರಹಸ್ಯ’ ಬರೆದು ಮುಗಿಸಿದರು. 1915ರಲ್ಲಿ ಅದು ಪುಣೆಯಲ್ಲಿ ಅಚ್ಚಾಯಿತು. ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದ ಆಲೂರು ವೆಂಕಟರಾಯರು ಅದನ್ನು ಕನ್ನಡಕ್ಕೆ ತಂದರು. ಗೀತೆಯ ತಾತ್ಪರ್ಯ ಸಂನ್ಯಾಸದಲ್ಲಿಲ್ಲ, ಜ್ಞಾನ ಪಡೆದವನೂ ಲೋಕಸಂಗ್ರಹಕ್ಕಾಗಿ ಕರ್ಮ ಮಾಡುತ್ತಲೇ ಇರಬೇಕು ಎಂಬುದು ತಿಲಕರ ವಾದದ ತಿರುಳು. 1914ರಲ್ಲಿ ಬಿಡುಗಡೆಯಾದ ಮೇಲೆ ಅವರು ಮಾಡಿದ್ದೂ ಅದನ್ನೇ. 1916ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಕಟ್ಟಿದರು.

ಆದರೂ ಗೀತೆಯ ಉತ್ತರ ಚುನಾವಣೆಗೆ ಪೂರ್ತಿಯಾಗಿ ಹೊಂದುವುದಿಲ್ಲ. ಅರ್ಜುನನಿಗೆ ಉಪದೇಶ ಸಿಕ್ಕಿದ್ದು ಯುದ್ಧ ಶುರುವಾಗುವ ಮೊದಲು. ಬಿತ್ತಿದ ಬೆಳೆಗೆ ಮಳೆ ಕೈಕೊಟ್ಟಂತೆ, ಯುದ್ಧದ ಫಲ ಹಲವು ಕಾರಣಗಳು ಕೂಡಿ ಆಗುವಂಥದ್ದು; ಅದಕ್ಕೆ ದುಃಖಿಸಬೇಡ ಎನ್ನಬಹುದು. ಮತಪೆಟ್ಟಿಗೆಯಿಂದ ಬರುವುದು ಅಂಥ ಫಲವಲ್ಲ. ಅದು ಲಕ್ಷಾಂತರ ಜನ ಆಡಿದ ಮಾತು. ಮಳೆಗೆ ಉತ್ತರ ಕೊಡಬೇಕಾಗಿಲ್ಲ, ಮನುಷ್ಯರ ಮಾತಿಗೆ ಕೊಡಬೇಕು. ‘ನಾನು ಫಲಕ್ಕೆ ಆಶೆಪಟ್ಟವನಲ್ಲ, ಸೋತರೇನು’ ಎನ್ನುವ ನಾಯಕ ತನ್ನ ಸಮಚಿತ್ತದ ಹೆಸರಿನಲ್ಲಿ ಆ ಮಾತನ್ನೇ ಕೇಳಿಸಿಕೊಳ್ಳದೆ ಹೋಗುವ ಅಪಾಯವಿದೆ.

ಈ ಅಪಾಯಕ್ಕೆ ಪ್ರಾಚೀನ ರೋಮ್ ಒಂದು ಸ್ಪಷ್ಟ ನಿದರ್ಶನ ಕೊಡುತ್ತದೆ. ಸ್ಟೋಯಿಕ್ ಪಂಥದ ಕಿರಿಯ ಕೇಟೋ ಕ್ರಿ.ಪೂ. 51ನೇ ವರ್ಷದ ಕಾನ್ಸಲ್ ಹುದ್ದೆಗೆ ನಿಂತು ಸೋತ. ಸೋತವರು ಸೂತಕ ಹಿಡಿದವರಂತೆ ಮನೆಯೊಳಗೆ ಉಳಿಯುವುದು ಅಲ್ಲಿಯ ರೂಢಿಯಾಗಿದ್ದರೂ ಅವನು ಅಂದೇ ಮೈದಾನಕ್ಕೆ ಹೋಗಿ ಚೆಂಡಾಟ ಆಡಿ, ಎಂದಿನಂತೆ ಬರಿಗಾಲಲ್ಲಿ ಗೆಳೆಯರೊಡನೆ ಅಡ್ಡಾಡಿದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಸೆನೆಕನಿಗೆ ಇದು ಸ್ಥಿತಪ್ರಜ್ಞತೆಯ ಆದರ್ಶವಾಗಿ ಕಂಡಿತು. ಆದರೆ ಸಿಸೆರೋಗೆ ಸಿಟ್ಟು ಬಂದಿತ್ತು. ಗಣರಾಜ್ಯಕ್ಕೆ ಅಂಥವನೊಬ್ಬ ಬೇಕಾಗಿದ್ದ ಕಾಲದಲ್ಲಿ ಕೇಟೋ ಜನರ ಮನ ಒಲಿಸಿಕೊಳ್ಳುವ ಗೋಜಿಗೇ ಹೋಗಲಿಲ್ಲ, ಸೋತ ಮೇಲೆ ಇನ್ನೊಮ್ಮೆ ನಿಲ್ಲಲೂ ಇಲ್ಲ ಎಂಬುದು ಅವನ ಆಕ್ಷೇಪ. ಜನರಿಗೆ ಹಿಡಿಸದ್ದು ನನ್ನ ನಡೆನುಡಿ; ಅದನ್ನು ಪರರ ಮೆಚ್ಚುಗೆಗಾಗಿ ಬದಲಿಸುವುದಿಲ್ಲ, ಬದಲಿಸದೆ ಮತ್ತೆ ನಿಂತು ಅದೇ ಫಲ ಉಣ್ಣುವುದೂ ಇಲ್ಲ ಎಂದು ಕೇಟೋ ಉತ್ತರಿಸಿದ. ಅವನ ಮನಸ್ಸು ಒಡೆಯಲಿಲ್ಲ ಎಂಬುದೇನೋ ನಿಜ. ಆದರೆ ಆ ಹಟದಲ್ಲಿ ರೋಮಿನ ಹಿತಕ್ಕಿಂತ ಅವನ ಶೀಲದ ಮೇಲಿನ ಅಭಿಮಾನವೇ ದೊಡ್ಡದಾಗಿತ್ತು.

ಕನ್ನಡದ ಓದುಗನಿಗೆ ಇಲ್ಲಿ ರನ್ನನ ದುರ್ಯೋಧನ ನೆನಪಾಗದೆ ಇರುವುದಿಲ್ಲ. ‘ಗದಾಯುದ್ಧ’ದಲ್ಲಿ ಸೋತವನಿಗೆ ರನ್ನ ಕೊಟ್ಟ ಘನತೆ ಭಾರತೀಯ ಸಾಹಿತ್ಯದಲ್ಲೇ ಅಪರೂಪದ್ದು. ಎಲ್ಲರನ್ನೂ ಕಳೆದುಕೊಂಡು ವೈಶಂಪಾಯನ ಸರೋವರ ಹೊಕ್ಕವನನ್ನು ಓದುಗ ಮೆಚ್ಚುತ್ತಾನೆ, ಅವನಿಗಾಗಿ ಮರುಗುತ್ತಾನೆ. ಕರ್ನಾಟಕದ ರಾಜಕೀಯ ಭಾಷೆಯಲ್ಲಿ ‘ಛಲ’ ಇವತ್ತಿಗೂ ಹೊಗಳಿಕೆಯ ಮಾತೇ. ಆದರೆ ದುರ್ಯೋಧನನ ಛಲ ಸಂಧಿ ಮಾಡಿಕೋ ಎಂದ ಭೀಷ್ಮನ ಮಾತನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕೇಟೋನ ಸಮಚಿತ್ತವೂ ದುರ್ಯೋಧನನ ಛಲವೂ ನೋಡಲು ಎದುರುಬದುರಾದರೂ ಎರಡೂ ಬಂದು ನಿಲ್ಲುವುದು ಕಿವಿ ಮುಚ್ಚಿಕೊಳ್ಳುವಲ್ಲಿಗೆ. ಸೋತ ನಾಯಕ ಮುರಿಯಲೂಬಾರದು, ಇದ್ದಂತೆಯೇ ಇರಲೂಬಾರದು ಎಂಬಲ್ಲಿಯೇ ಅವನ ಕಷ್ಟದ ಗಂಟಿರುವುದು.

1951–52ರ ಮೊದಲ ಮಹಾಚುನಾವಣೆ ಈ ಕಷ್ಟವನ್ನು ಒಂದಿಡೀ ಪೀಳಿಗೆಯ ಎದುರಿಗೆ ತಂದಿಟ್ಟಿತು. ಕಾಂಗ್ರೆಸ್‌ಗೆ ಮುಖ್ಯ ಎದುರಾಳಿ ತಾವೇ ಎಂದು ಸಮಾಜವಾದಿಗಳು ನಂಬಿದ್ದರು. ಅವರ ಪಕ್ಷಕ್ಕೆ ಒಂದು ಕೋಟಿ 12 ಲಕ್ಷದಷ್ಟು ಮತಗಳು, ಅಂದರೆ ಶೇಕಡಾ ಹತ್ತಕ್ಕಿಂತ ಹೆಚ್ಚು, ಬಂದವು. ಸ್ಥಾನಗಳು ಬಂದದ್ದು ಕೇವಲ 12. ಅವರ ಮೂರನೇ ಒಂದು ಪಾಲಿನಷ್ಟೂ ಮತ ಪಡೆಯದ ಕಮ್ಯುನಿಸ್ಟ್ ಪಕ್ಷಕ್ಕೆ 16 ಸ್ಥಾನ ಸಿಕ್ಕವು. ಕಾಂಗ್ರೆಸ್ ಶೇಕಡಾ 45ರಷ್ಟು ಮತದಲ್ಲಿ 489ರ ಪೈಕಿ 364 ಸ್ಥಾನ ಗೆದ್ದಿತು. ಹೆಚ್ಚು ಮತ ಬಂದವನಿಗೇ ಕ್ಷೇತ್ರವೆಲ್ಲ ಸೇರುವ ಈ ಪದ್ಧತಿಯಲ್ಲಿ ಮತಗಳು ಊರೂರಿಗೆ ಹರಡಿಹೋದ ಪಕ್ಷಕ್ಕೆ ಪೆಟ್ಟು ಜಾಸ್ತಿ. ಹಾಗಾದರೆ ಸಮಾಜವಾದಿಗಳನ್ನು ಜನ ತಿರಸ್ಕರಿಸಿದರೇ, ಲೆಕ್ಕದ ಪದ್ಧತಿ ತಿರಸ್ಕರಿಸಿತೇ? ಪ್ರಾಮಾಣಿಕ ಉತ್ತರ, ಎರಡೂ ಸ್ವಲ್ಪ ಸ್ವಲ್ಪ. ಮುಖ್ಯವಾದ ಮಾತೆಂದರೆ, ಸೋತ ಪಕ್ಷದ ಹಿಂದೆ ಒಂದು ಕೋಟಿಗೂ ಮಿಕ್ಕಿದ ಜನರಿದ್ದರು. ಫಲಿತಾಂಶ ಬಂದ ಮಾತ್ರಕ್ಕೆ ಅವರು ಇಲ್ಲವಾಗುವುದಿಲ್ಲ.

ಸೋತ ನಾಯಕನ ಧರ್ಮವನ್ನು ಫಲತ್ಯಾಗದ ಕಡೆಯಿಂದ ನೋಡುವುದಕ್ಕಿಂತ ಋಣದ ಕಡೆಯಿಂದ ನೋಡುವುದು ಹೆಚ್ಚು ಸರಿ ಎನಿಸುವುದು ಈ ಕಾರಣಕ್ಕೆ. ದೇವಋಣ, ಋಷಿಋಣ, ಪಿತೃಋಣಗಳನ್ನು ತೀರಿಸದೆ ಸಂನ್ಯಾಸಕ್ಕೆ ಹೋಗಬಾರದೆಂದು ಧರ್ಮಶಾಸ್ತ್ರಗಳು ಹೇಳುತ್ತವೆ. ಮತ ಹಾಕಿದವನ ಋಣವೂ ಅದೇ ಜಾತಿಯದು. ಗೆದ್ದವನಿಗೆ ಅದನ್ನು ತೀರಿಸಲು ಅಧಿಕಾರವಿದೆ. ಸೋತವನಿಗೆ ಅಧಿಕಾರವಿಲ್ಲ, ಋಣ ಮಾತ್ರ ಹಾಗೆಯೇ ಉಳಿದಿರುತ್ತದೆ. ಏಕೆಂದರೆ ಸೋಲುವ ಪಕ್ಷಕ್ಕೆ ಮತ ಹಾಕಿದವನು ಹಳ್ಳಿಯಲ್ಲಿ, ಕಾರ್ಖಾನೆಯಲ್ಲಿ ಗೆದ್ದವರ ಕಣ್ಣಿಗೆ ಬಿದ್ದಿರುತ್ತಾನೆ. ನಾಯಕ ಮನೆ ಸೇರಿದರೆ ಪೆಟ್ಟು ತಿನ್ನುವವನು ಅವನು. ಈ ಅಳತೆಯಲ್ಲಿ 1952ರ ನಂತರದ ದಾರಿಗಳನ್ನು ನೋಡಬಹುದು.

ಮೊದಲನೆಯದು ಜಯಪ್ರಕಾಶ ನಾರಾಯಣರದು. ಚುನಾವಣೆ ಮುಗಿದ ಕೆಲವೇ ತಿಂಗಳಿಗೆ, 1952ರಲ್ಲಿ, ಅವರು ಪುಣೆಗೆ ಬಂದು ಡಾ. ದಿನ್‌ಶಾ ಮೆಹ್ತಾ ಅವರ ನಿಸರ್ಗ ಚಿಕಿತ್ಸಾಲಯದಲ್ಲಿ 21 ದಿನಗಳ ಉಪವಾಸ ಕೈಗೊಂಡರು. ಗಾಂಧೀಜಿ ಇಳಿದುಕೊಂಡಿದ್ದ ಜಾಗವದು. ಉಪವಾಸಕ್ಕೆ ತಕ್ಷಣದ ಕಾರಣ ಚುನಾವಣೆಯಲ್ಲ. ಅಂಚೆ ನೌಕರರ ಪರವಾಗಿ ತಾವು ನಡೆಸಿದ ಮಾತುಕತೆಯಲ್ಲಿ ಸಿಕ್ಕ ಭರವಸೆ ಈಡೇರಲಿಲ್ಲವೆಂಬ ಹೊಣೆಯನ್ನು ಅವರು ತಮ್ಮ ಮೇಲೆಯೇ ಹಾಕಿಕೊಂಡಿದ್ದರು. ಆದರೆ ಹಾಸಿಗೆ ಹಿಡಿದ ಆ ಮೂರು ವಾರಗಳಲ್ಲಿ ಅವರನ್ನು ಕಾಡಿದ ಪ್ರಶ್ನೆ ಅಂಚೆ ಇಲಾಖೆಯದಾಗಿರಲಿಲ್ಲ. ಅಮೆರಿಕದಲ್ಲಿ ಓದುವಾಗ ಮಾರ್ಕ್ಸ್‌ವಾದಿಯಾಗಿದ್ದ ಅವರು, ಎಲ್ಲವೂ ಜಡವಸ್ತುವಿನ ಆಟವೇ ಆದರೆ ಮನುಷ್ಯ ಒಳ್ಳೆಯವನಾಗಿ ಏಕಿರಬೇಕು ಎಂದು ಕೇಳಿಕೊಂಡರು. ಭೌತವಾದ ಈ ಪ್ರಶ್ನೆಗೆ ಉತ್ತರ ಕೊಡಲಾರದು ಎಂಬ ತೀರ್ಮಾನವನ್ನು ಆ ವರ್ಷವೇ ಲೇಖನವೊಂದರಲ್ಲಿ ಪ್ರಕಟಿಸಿದರು.

ಸೋತ ಪ್ರತಿಪಕ್ಷದ ಮುಂದಾಳಿಗೆ ಇದಕ್ಕಿಂತ ಸಹಜವಾದ ಪ್ರಶ್ನೆ ಇನ್ನೊಂದಿಲ್ಲ. ಇತಿಹಾಸದ ಗತಿ ತಮ್ಮ ಕಡೆಗಿದೆ ಎಂದು ನಂಬಿದವರಿಗೆ ಸೋಲು ವಿವರಿಸಲಾಗದ ಘಟನೆ. ಆ ನಂಬಿಕೆ ಹೋದ ಮೇಲೂ ದುಡಿಯಬೇಕಾದರೆ ಬೇರೆ ಆಧಾರ ಬೇಕು. ಜೆಪಿ ಅದನ್ನು ವಿನೋಬಾರ ಭೂದಾನದಲ್ಲಿ ಕಂಡರು. 1954ರಲ್ಲಿ ಬೋಧಗಯೆಯಲ್ಲಿ ಜೀವನದಾನ ಘೋಷಿಸಿದರು, ಮುಂದೆ ಪಕ್ಷ ರಾಜಕಾರಣವನ್ನೇ ತೊರೆದರು. ವ್ಯಕ್ತಿಯಾಗಿ ಅವರು ಚೇತರಿಸಿಕೊಂಡರು, ನೈತಿಕವಾಗಿ ಇನ್ನೂ ಎತ್ತರಕ್ಕೆ ಹೋದರು. ಆದರೆ ಋಣದ ಅಳತೆಯಲ್ಲಿ ಈ ದಾರಿಗೆ ಪೂರ್ತಿ ಅಂಕ ಕೊಡಲಾಗದು. ಅವರನ್ನು ನಂಬಿ ಪಕ್ಷ ಸೇರಿದ್ದ ಸಾವಿರಾರು ಯುವಕರು ನಡುನೀರಿನಲ್ಲಿ ಉಳಿದರು. 1974ರಲ್ಲಿ ಬಿಹಾರದ ವಿದ್ಯಾರ್ಥಿಗಳು ಕರೆದಾಗ ಜೆಪಿ ಮರಳಿ ಬೀದಿಗೆ ಇಳಿದದ್ದರಲ್ಲಿ ಆ ಹಳೆಯ ಬಾಕಿಯ ನೆನಪೂ ಇದ್ದಿರಬಹುದು.

ಎರಡನೆಯ ದಾರಿ ಅಂಬೇಡ್ಕರರದು. ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು, ಕೇಂದ್ರದ ಕಾನೂನು ಮಂತ್ರಿಯಾಗಿದ್ದವರು 1952ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್‌ನ ನಾರಾಯಣ ಕಾಜ್ರೋಳ್ಕರರಿಗೆ ಸೋತರು. ಪರಿಶಿಷ್ಟ ಜಾತಿಗಳ ಒಕ್ಕೂಟಕ್ಕೆ ಲೋಕಸಭೆಯಲ್ಲಿ ಸಿಕ್ಕದ್ದು ಎರಡೇ ಸ್ಥಾನ. ಅದರಲ್ಲೊಂದನ್ನು ಸೊಲ್ಲಾಪುರದಿಂದ ಗೆದ್ದವರು ಪುಣೆಯ ಪಿ. ಎನ್. ರಾಜಭೋಜ. ಅಂಬೇಡ್ಕರರು ರಾಜ್ಯಸಭೆಗೆ ಬಂದರಾದರೂ 1954ರಲ್ಲಿ ಭಂಡಾರಾ ಉಪಚುನಾವಣೆಗೆ ನಿಂತು ಮತ್ತೆ ಸೋತರು. ಅದೇ ವರ್ಷ ಡಿಸೆಂಬರ್ 25ರಂದು, ತುಕಾರಾಮರ ದೇಹು ಗ್ರಾಮದ ಹೆಸರನ್ನೇ ಹೊತ್ತ ಪುಣೆ ಬಳಿಯ ದೇಹು ರೋಡಿನಲ್ಲಿ, ಬರ್ಮಾದಿಂದ ತಂದ ಬುದ್ಧನ ಮೂರ್ತಿಯನ್ನು ಅವರು ಸ್ಥಾಪಿಸಿದರು. ಅಲ್ಲಿಂದ ಎರಡು ವರ್ಷ ತುಂಬುವ ಮೊದಲೇ, 1956ರ ಅಕ್ಟೋಬರ್ 14ರಂದು, ನಾಗಪುರದ ದೀಕ್ಷೆ.

ಚುನಾವಣೆಯಲ್ಲಿ ಸೋತದ್ದಕ್ಕೇ ಅವರು ಧರ್ಮದ ಕಡೆ ತಿರುಗಿದರೆಂದು ಹೇಳುವುದು ತಪ್ಪು. ಹಿಂದುವಾಗಿ ಸಾಯುವುದಿಲ್ಲವೆಂಬ ಘೋಷಣೆ 1935ರ ಯೇವಲಾ ಸಭೆಯಷ್ಟು ಹಳೆಯದು. ಆದರೆ ಎರಡು ಸೋಲುಗಳು ಒಂದು ಸತ್ಯವನ್ನು ಕಣ್ಣೆದುರಿಗೆ ಇಟ್ಟವು: ಅಲ್ಪಸಂಖ್ಯಾತ ಸಮುದಾಯವೊಂದರ ಘನತೆಯನ್ನು ಬಹುಸಂಖ್ಯಾತರ ಮತಪೆಟ್ಟಿಗೆಯಿಂದ ಕಾಯಬೇಕಾಗಿ ಬಂದರೆ ಅದು ಎಂದೆಂದಿಗೂ ಬೇರೆಯವರ ದಯೆಯಲ್ಲೇ ಇರುತ್ತದೆ. ಯಾರ ಮತವನ್ನೂ ಕಾಯದೆ, ಮನುಷ್ಯ ತಾನೇ ತನಗೆ ಕೊಟ್ಟುಕೊಳ್ಳಬಲ್ಲ ಘನತೆಯೊಂದು ಬೇಕಾಗಿತ್ತು. ದೀಕ್ಷೆ ಅದನ್ನು ಕೊಟ್ಟಿತು. ಜೆಪಿಯವರ ಜೀವನದಾನಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಅಂಬೇಡ್ಕರರು ತಮ್ಮ ಮತದಾರರನ್ನು ಬಿಟ್ಟು ಹೋಗಲಿಲ್ಲ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಅವರನ್ನೂ ಕರೆದುಕೊಂಡೇ ನಡೆದರು. ರಾಜಕೀಯವನ್ನೂ ಕೈಬಿಡಲಿಲ್ಲ, ಅವರು ಯೋಜಿಸಿದ್ದ ರಿಪಬ್ಲಿಕನ್ ಪಕ್ಷ ಅವರ ನಿಧನದ ಮರುವರ್ಷ, 1957ರಲ್ಲಿ, ಹುಟ್ಟಿತು. ಲೋಕಸಭೆಗೆ ಒಮ್ಮೆಯೂ ಆಯ್ಕೆಯಾಗದ ಈ ನಾಯಕನ ಚೇತರಿಕೆಯ ಮುಂದೆ ಎಷ್ಟೋ ಪ್ರಧಾನಿಗಳ ಗೆಲುವು ಸಣ್ಣದಾಗಿ ಕಾಣುತ್ತದೆ.

ಈ ಇಬ್ಬರೂ ಅಸಾಮಾನ್ಯರು. ಸಾಮಾನ್ಯ ರಾಜಕಾರಣಕ್ಕೆ ಹತ್ತಿರವಾದ, ಆದ್ದರಿಂದಲೇ ಹೆಚ್ಚು ಕಲಿಸುವ ಬದುಕು ಪುಣೆಯ ಎಸ್. ಎಂ. ಜೋಶಿಯವರದು. 1904ರಲ್ಲಿ ಜುನ್ನರಿನಲ್ಲಿ ಹುಟ್ಟಿದ ಜೋಶಿ, 1929ರಲ್ಲಿ ಪುಣೆಯ ಪರ್ವತಿ ದೇವಸ್ಥಾನಕ್ಕೆ ದಲಿತರ ಪ್ರವೇಶಕ್ಕಾಗಿ ನಡೆದ ಸತ್ಯಾಗ್ರಹದಲ್ಲಿ ಪಾಲ್ಗೊಂಡವರು. 1941ರಲ್ಲಿ ರಾಷ್ಟ್ರ ಸೇವಾ ದಳದ ಮುಖ್ಯಸ್ಥರಾದರು. 1942ರ ಚಳವಳಿಯಲ್ಲಿ ಇಮಾಮ್ ಅಲಿ ಎಂಬ ಹೆಸರಿನಲ್ಲಿ ಮೌಲ್ವಿಯ ವೇಷ ತೊಟ್ಟು ಭೂಗತರಾಗಿ ಕೆಲಸ ಮಾಡಿದರು. 1956ರಲ್ಲಿ ಪುಣೆಯಲ್ಲಿ ಹುಟ್ಟಿದ ಸಂಯುಕ್ತ ಮಹಾರಾಷ್ಟ್ರ ಸಮಿತಿಯ ಪ್ರಧಾನ ಕಾರ್ಯದರ್ಶಿಯೂ ಅವರೇ. ಮರಾಠಿ ರಾಜ್ಯದ ಜೊತೆಗೆ ಬೆಳಗಾವಿ, ಕಾರವಾರ, ನಿಪ್ಪಾಣಿಗಳನ್ನೂ ಕೇಳುತ್ತಿದ್ದ ಸಮಿತಿಯದು. ಆ ಊರುಗಳ ಬೇಡಿಕೆಯನ್ನು ಕನ್ನಡಿಗರು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಹಾಗೆಂದು ಆ ಮನುಷ್ಯನ ಶೀಲವನ್ನು ಕಾಣದೆ ಇರಬೇಕಾಗಿಲ್ಲ. 1957ರ ನವೆಂಬರ್ 30ರಂದು ಪ್ರತಾಪಗಡದಲ್ಲಿ ಶಿವಾಜಿ ಪ್ರತಿಮೆಯ ಅನಾವರಣಕ್ಕೆ ನೆಹರೂ ಬಂದಾಗ ಸಮಿತಿ ಕಪ್ಪು ಬಾವುಟ ಹಿಡಿದು ಜನರನ್ನು ಸೇರಿಸಿತು. ಹಿಂದಿನ ವರ್ಷವಷ್ಟೇ ಮುಂಬಯಿಯಲ್ಲಿ ಗೋಲಿಬಾರಿನಿಂದ ಹಲವರು ಸತ್ತಿದ್ದರೂ ಆ ದಿನ ಒಂದು ಕಲ್ಲೂ ಬೀಳದಂತೆ ನೋಡಿಕೊಂಡವರಲ್ಲಿ ಜೋಶಿ ಮೊದಲಿಗರು.

1957ರಲ್ಲಿ ಸಮಿತಿಗೆ ಭಾರಿ ಗೆಲುವು ಸಿಕ್ಕಿತು. ಜೋಶಿ ಪುಣೆಯಿಂದ ವಿಧಾನಸಭೆಗೂ ಗೋರೆ ಲೋಕಸಭೆಗೂ ಹೋದರು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. ಅಲ್ಲಿಗೆ ಸಮಿತಿಯ ಪಕ್ಷಗಳು ಒಂದಾಗಿರಲು ಇದ್ದ ಕಾರಣವೂ ತೀರಿತು. 1962ರಲ್ಲಿ ಕಾಂಗ್ರೆಸ್ 264ರಲ್ಲಿ 215 ಸ್ಥಾನ ಗೆದ್ದಿತು. ಪುಣೆಯ ಲೋಕಸಭಾ ಸ್ಥಾನವೂ ಅದರ ಪಾಲಾಯಿತು. ರಾಜ್ಯದ ಬೇಡಿಕೆ ಗೆದ್ದದ್ದರಿಂದಲೇ ಬೇಡಿದವರು ಸೋತರು. ಕೋರ್ಟು ಕಚೇರಿ ವ್ಯಾಜ್ಯದಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುವ ಗಾದೆ ಇಲ್ಲಿ ತಿರುವುಮುರುವಾಗಿ ನಿಲ್ಲುತ್ತದೆ. ಇಂಥ ಸೋಲನ್ನು ಸೋಲೆಂದು ಕರೆಯಬೇಕೇ? ಪ್ರತಿಪಕ್ಷದ ಕೆಲಸ ಆಳುವವರಿಂದ ಒಂದು ಕೆಲಸ ಮಾಡಿಸುವುದು ಎಂದಾದರೆ, ಮಾಡಿಸಿದ ಮೇಲೆ ಬಂದ ಸೋಲು ಪಿಂಚಣಿಯಿಲ್ಲದ ನಿವೃತ್ತಿಯಷ್ಟೇ. ರಾಜಕೀಯದಲ್ಲಿ ಯಾವ ನಾಯಕನಿಗೂ ಇದನ್ನು ಒಪ್ಪುವುದು ಸುಲಭವಲ್ಲ. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಯಾದದ್ದು ಹೋರಾಟ ನಡೆಸಿದವರಲ್ಲಿ ಯಾರೂ ಅಲ್ಲ, ಕಾಂಗ್ರೆಸ್‌ನ ಯಶವಂತರಾವ್ ಚವ್ಹಾಣ.

1962ರ ನಂತರ ಶಾಸನಸಭೆಯಿಂದ ಹೊರಗಿದ್ದ ವರ್ಷಗಳಲ್ಲಿ ಜೋಶಿಯವರ ಕೆಲಸ ನಿಲ್ಲಲಿಲ್ಲ. ರಕ್ಷಣಾ ಇಲಾಖೆಯ ಕಾರ್ಖಾನೆಗಳ ನೌಕರರ ಸಂಘಟನೆ ಇತ್ತು. ಸಾನೆ ಗುರೂಜಿ 1948ರಲ್ಲಿ ಶುರುಮಾಡಿದ ‘ಸಾಧನಾ’ ವಾರಪತ್ರಿಕೆಯ ಬಳಗವಿತ್ತು. ಸೇವಾ ದಳದ ಶಾಖೆಗಳಿದ್ದವು. 1964ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷ ಹುಟ್ಟಿದಾಗ ಅದರ ಅಧ್ಯಕ್ಷರಾದರು. 1967ರಲ್ಲಿ ಪುಣೆ ಅವರನ್ನು ಲೋಕಸಭೆಗೆ ಕಳಿಸಿತು. ಎಲ್ಲ ಅರ್ಥದಲ್ಲೂ ಇದು ಚೇತರಿಕೆಯೇ. ಆದರೆ ನಾಲ್ಕೇ ವರ್ಷಕ್ಕೆ, 1971ರ ಇಂದಿರಾ ಅಲೆಯಲ್ಲಿ, ಅವರು ಕಾಂಗ್ರೆಸ್‌ನ ಮೋಹನ ಧಾರಿಯಾ ಅವರಿಗೆ ಸೋತರು. ಆಗ ಜೋಶಿಯವರಿಗೆ 66 ವರ್ಷ.

ಮುಂದಿನದ್ದು ಸೋಲು ಗೆಲುವುಗಳ ಸರಳ ಲೆಕ್ಕಕ್ಕೆ ಸಿಗುವುದಿಲ್ಲ. ಗೆದ್ದ ಧಾರಿಯಾ ಕೇಂದ್ರದಲ್ಲಿ ಮಂತ್ರಿಯಾದರು. ಜೆಪಿಯವರೊಡನೆ ಮಾತುಕತೆ ನಡೆಸಬೇಕೆಂದು ಬಹಿರಂಗವಾಗಿ ಹೇಳಿದ್ದಕ್ಕೆ 1975ರ ಮಾರ್ಚ್‌ನಲ್ಲಿ ಮಂತ್ರಿ ಪದವಿ ಕಳೆದುಕೊಂಡರು, ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಕಂಡರು. 1977ರಲ್ಲಿ ಅದೇ ಪುಣೆಯಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ಗೆದ್ದು ಮೊರಾರ್ಜಿ ಸಂಪುಟದ ವಾಣಿಜ್ಯ ಮಂತ್ರಿಯಾದರು. ಆ ಪಕ್ಷವನ್ನು ಕಟ್ಟುವುದರಲ್ಲಿ, ಮಹಾರಾಷ್ಟ್ರದಲ್ಲಿ ಅದನ್ನು ನಡೆಸುವುದರಲ್ಲಿ ಮುಂದಿದ್ದವರು ಎಸ್. ಎಂ. ಜೋಶಿ. ಆರು ವರ್ಷಗಳ ಹಿಂದೆ ತಮ್ಮನ್ನು ಸೋಲಿಸಿದವರು ತಮ್ಮದೇ ಪಕ್ಷದ ಚಿಹ್ನೆಯಡಿ, ತಮ್ಮದೇ ಕ್ಷೇತ್ರದಲ್ಲಿ ಗೆಲ್ಲುವುದನ್ನು ಜೋಶಿ ನೋಡಿದರು. 1971ರಲ್ಲಿ ಎದುರಾಳಿಯನ್ನು ವೈರಿಯಾಗಿ ಮಾಡಿಕೊಂಡಿದ್ದರೆ 1977 ಸಾಧ್ಯವಾಗುತ್ತಿರಲಿಲ್ಲ. ಪ್ರತಿಪಕ್ಷ ನಾಯಕನ ಚೇತರಿಕೆಯಲ್ಲಿ ಬಹುಪಾಲು ಅವನು ಸೋತ ರಾತ್ರಿ ಗೆದ್ದವನ ಬಗ್ಗೆ ಏನು ಮಾತಾಡುತ್ತಾನೆ ಎಂಬುದರಲ್ಲೇ ತೀರ್ಮಾನವಾಗಿರುತ್ತದೆ.

ಮತದಾರರ ಬಗ್ಗೆ ಏನು ಮಾತಾಡುತ್ತಾನೆ ಎಂಬುದೂ ಅಷ್ಟೇ ಮುಖ್ಯ. ಸೋತವರ ಬಾಯಲ್ಲಿ ಎರಡು ಮಾತು ಸದಾ ಕೇಳಿಬರುತ್ತವೆ. ಜನತಾ ಜನಾರ್ದನನ ತೀರ್ಪು ಶಿರಸಾವಹಿಸಿದ್ದೇನೆ ಎಂಬುದು ಒಂದು. ಹಣ, ಹೆಂಡ, ಜಾತಿಯ ಮುಂದೆ ತತ್ವ ಸೋತಿತು ಎಂಬುದು ಇನ್ನೊಂದು. ಎಷ್ಟೋ ಸಲ ಒಂದೇ ಪತ್ರಿಕಾಗೋಷ್ಠಿಯಲ್ಲಿ ಎರಡೂ ಬರುತ್ತವೆ. ಮೊದಲನೆಯದು ಜನರನ್ನು ದೇವರೆನ್ನುತ್ತದೆ, ಎರಡನೆಯದು ಅವರನ್ನು ಮೂಢರೆನ್ನುತ್ತದೆ. ದೇವರ ತೀರ್ಪಾದರೆ ಅದನ್ನು ಪ್ರಶ್ನಿಸುವಂತಿಲ್ಲ, ಹಾಗಾದರೆ ಮತ್ತೆ ಪ್ರತಿಪಕ್ಷದಲ್ಲಿ ಕೂತು ವಾದಿಸುವುದಕ್ಕೂ ಅರ್ಥವಿಲ್ಲ. ಮೂಢರ ತೀರ್ಪಾದರೆ ಮುಂದಿನ ಬಾರಿ ಅದೇ ಜನರ ಮುಂದೆ ಕೈಮುಗಿಯುವುದು ವಂಚನೆ. ರಾಜಕೀಯದಲ್ಲಿ ಭಕ್ತಿ ಅವನತಿಯ ದಾರಿ ಎಂದು ಅಂಬೇಡ್ಕರರು 1949ರ ನವೆಂಬರ್‌ನಲ್ಲಿ ಸಂವಿಧಾನ ಸಭೆಗೆ ಎಚ್ಚರಿಸಿದ್ದು ನಾಯಕರ ಮೇಲಿನ ಭಕ್ತಿಯ ಬಗ್ಗೆ. ಜನರ ಮೇಲಿನ ಹುಸಿಭಕ್ತಿಗೂ ಆ ಎಚ್ಚರಿಕೆ ಸಲ್ಲುತ್ತದೆ. ಮತದಾರ ತನ್ನ ಸರೀಕ, ತನ್ನಂತೆಯೇ ತಪ್ಪಬಲ್ಲ, ತಿದ್ದಿಕೊಳ್ಳಬಲ್ಲ ಮನುಷ್ಯ ಎಂದು ತಿಳಿದವನಿಗೆ ಮಾತ್ರ ಸೋತ ಮೇಲೂ ವಾದ ಮುಂದುವರಿಸುವ ಹಕ್ಕಿದೆ.

ಬರಿಯ ಸ್ಥಾನ ಮರಳಿ ಪಡೆಯುವ ಅರ್ಥದಲ್ಲಿ ಚೇತರಿಕೆ ಅಪರೂಪವೇನಲ್ಲ. 1962ರಲ್ಲಿ ಫೂಲ್‌ಪುರದಲ್ಲಿ ನೆಹರೂ ಎದುರು ಲೋಹಿಯಾ, ಉತ್ತರ ಮುಂಬಯಿಯಲ್ಲಿ ಕೃಷ್ಣ ಮೆನನ್ ಎದುರು ಕೃಪಲಾನಿ ಸೋತರು. 1963ರ ಉಪಚುನಾವಣೆಗಳಲ್ಲಿ ಒಬ್ಬರು ಫರೂಕಾಬಾದ್‌ನಿಂದ, ಇನ್ನೊಬ್ಬರು ಅಮ್ರೋಹಾದಿಂದ ಗೆದ್ದು ಬಂದರು. ಅದೇ ಆಗಸ್ಟ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ಗೊತ್ತುವಳಿಯನ್ನು ಮಂಡಿಸಿದವರು ಕೃಪಲಾನಿ. ಕರ್ನಾಟಕದಲ್ಲಿ ಕಾಗೋಡು ಸತ್ಯಾಗ್ರಹದ ಮುಂದಾಳು ಶಾಂತವೇರಿ ಗೋಪಾಲಗೌಡರು 1952ರಲ್ಲಿ ಗೆದ್ದು, 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಎಚ್. ಡಿ. ದೇವೇಗೌಡರು 1989ರಲ್ಲಿ ಹೊಳೆನರಸೀಪುರದಲ್ಲೇ ಸೋತಾಗ ಅವರ ಪಕ್ಷವೂ ನೆಲಕಚ್ಚಿತ್ತು. 1991ರಲ್ಲಿ ಹಾಸನದಿಂದ ಲೋಕಸಭೆ, 1994ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸ್ಥಾನ, 1996ರ ಜೂನ್‌ನಲ್ಲಿ ಪ್ರಧಾನಿ ಪದವಿ. ಮಂಗಳೂರಿನ ಜಾರ್ಜ್ ಫರ್ನಾಂಡಿಸರು 1971ರಲ್ಲಿ ಮುಂಬಯಿಯಲ್ಲಿ ಸೋತು, 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಗೆದ್ದರು. ಇವರಲ್ಲಿ ಸ್ವಭಾವದಿಂದ ಒಬ್ಬರಂತೆ ಒಬ್ಬರಿಲ್ಲ. ಆದರೆ ಯಾರೊಬ್ಬರೂ ಚುನಾವಣೆಗಳ ನಡುವೆ ಖಾಲಿ ಕೂತವರಲ್ಲ. ಗೇಣಿದಾರರು, ರೈತರು, ರೈಲ್ವೆ ಕಾರ್ಮಿಕರು, ಹೀಗೆ ಯಾರಾದರೊಬ್ಬರ ನಿತ್ಯದ ಗೋಳಿಗೆ ಅವರು ಸಿಗುತ್ತಿದ್ದರು. ಬಾಕಿ ಉಳಿದದ್ದನ್ನು ಗಾಳಿ ಮಾಡಿತು. ಆಳುವವರ ತಪ್ಪು, ಮಿತ್ರಪಕ್ಷಗಳ ಕೂಟ, ಒಂದು ಉಪಚುನಾವಣೆ ಇವು ಯಾರ ಪುಣ್ಯದಿಂದಲೂ ಬರುವುದಿಲ್ಲ. ಈ ಭಾಗದ ಮಟ್ಟಿಗೆ ಗೀತೆಯ ಮಾತು ಅಕ್ಷರಶಃ ಸರಿ.

ಮರಳಿ ಬರುವುದೇ ಸದಾ ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ಪಕ್ಷದ ಚೇತರಿಕೆಗೆ ನಾಯಕನ ಚೇತರಿಕೆಯೇ ಅಡ್ಡಿಯಾಗುವುದುಂಟು. ಮೂರು ಸಲ ಸೋತರೂ ಅಧ್ಯಕ್ಷ ಗಾದಿ ಬಿಡದವನು ಛಲವಂತನೆನಿಸಿಕೊಳ್ಳಬಹುದು, ಅವನ ಹಿಂದಿನ ಸಾಲಿನಲ್ಲಿ ನಿಂತ ಮೂವತ್ತರ ಹರೆಯದವನು ಅಲ್ಲಿಯೇ ಐವತ್ತು ದಾಟುತ್ತಾನೆ. ಋಣ ತೀರಿಸಲು ಸ್ಥಾನವೇ ಬೇಕೆಂದಿಲ್ಲ ಎಂಬುದನ್ನು ಪುಣೆಯ ಆ ಪೀಳಿಗೆ ತೋರಿಸಿತು. 1957ರಲ್ಲಿ ಗೆದ್ದ ಗೋರೆಯವರು ಲೋಕಸಭೆ ಕೈತಪ್ಪಿದ ಮೇಲೆ 1967ರಲ್ಲಿ ಪುಣೆಯ ಮೇಯರ್ ಆಗಿ ನಗರದ ನೀರು, ರಸ್ತೆಗಳ ಕೆಲಸಕ್ಕೆ ಇಳಿದರು. ಆಮೇಲೆ ರಾಜ್ಯಸಭೆಯಲ್ಲಿದ್ದರು, 1977ರಲ್ಲಿ ಬ್ರಿಟನ್ನಿಗೆ ಭಾರತದ ಹೈಕಮಿಷನರ್ ಆಗಿ ಹೋದರು. ಧಾರಿಯಾ 1982ರಲ್ಲಿ ‘ವನರಾಯಿ’ ಸಂಸ್ಥೆ ಕಟ್ಟಿ ಬರಡು ನೆಲಕ್ಕೆ ನೀರು, ಮರ ತರುವ ಕೆಲಸ ಹಿಡಿದು, 2013ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲಿ ತೊಡಗಿದ್ದರು. ಜೋಶಿಯವರು 1989ರ ಏಪ್ರಿಲ್ 1ರಂದು ಪುಣೆಯಲ್ಲಿ ನಿಧನರಾದರು. ಅವರು ಪುಣೆಯ ಲೋಕಸಭಾ ಸದಸ್ಯರಾಗಿದ್ದದ್ದು ನಾಲ್ಕು ವರ್ಷಕ್ಕೂ ಕಡಿಮೆ. ಮುಠಾ ನದಿಯ ಮೇಲಿನ ಸೇತುವೆಯೊಂದಕ್ಕೆ ಊರು ಅವರ ಹೆಸರಿಟ್ಟಿದೆ.